ಗಾಲಿಯ ಮೇಲಿನ ಮನೆಯಲ್ಲಿ ಬೆಂಕಿ

(ಬಳ್ಳಿಗಾವಿಯಲ್ಲಿ ಗ್ರಾಮಸ್ಥರು ಮತ್ತು ವಿದ್ಯಾರ್ಥಿಗಳ ಎದುರು ನೀಡಿದ ಉಪನ್ಯಾಸದ ಪಠ್ಯ)



ಬಳ್ಳಿಗಾವಿಯ ಕೋಡಿಯ ಮಠವನ್ನು ಬಣ್ಣಿಸುವ 1162ರ ಶಾಸನವು ಅಲ್ಲಿ ನಡೆಯುತ್ತಿದ್ದ ವೇದ, ವ್ಯಾಕರಣ, ಯೋಗಗಳ ಅಧ್ಯಯನವನ್ನು ಎಷ್ಟು ಅಭಿಮಾನದಿಂದ ಹೇಳುತ್ತದೆಯೋ, ದೀನರಿಗೂ ಅನಾಥರಿಗೂ ಕುರುಡರಿಗೂ ಕಿವುಡರಿಗೂ ಅಲ್ಲಿ ದೊರೆಯುತ್ತಿದ್ದ ಅನ್ನವನ್ನು ಅಷ್ಟೇ ಅಭಿಮಾನದಿಂದ ಹೇಳುತ್ತದೆ. ಅನ್ನವಿದ್ದಲ್ಲಿ ಒಲೆಯಿತ್ತು. ನಡೆದು ದಣಿದು ಬಂದ ಪರದೇಶಿಗೆ ಬೆಂಕಿ ಎನ್ನುವುದು ತಾನು ತಲುಪುವ ಊರಿನಲ್ಲಿ ದೊರೆಯುವ ವಸ್ತುವಾಗಿತ್ತೇ ಹೊರತು ತನ್ನೊಡನೆ ಹೊತ್ತು ತರುವ ವಸ್ತುವಾಗಿರಲಿಲ್ಲ.

ಈಗಿನ ಪ್ರಯಾಣಿಕನು ಮನೆಯನ್ನೇ ಗಾಲಿಯ ಮೇಲೆ ಇಟ್ಟುಕೊಂಡು ಬರುತ್ತಾನೆ. ಟೆಂಪೋ ವಾಹನದ ಆಸನಗಳನ್ನು ಕಿತ್ತು ಹಾಸಿಗೆ ಹಾಕಿ, ಕಿಟಕಿಗೆ ಪರದೆ ಕಟ್ಟಿ ಊರೂರು ಸುತ್ತುವ ಅಭ್ಯಾಸ ಯುವಕರಲ್ಲಿ ಬೆಳೆಯುತ್ತಿದೆ. ಶಬರಿಮಲೆಗೆ ಹೋಗುವವರು ದಾರಿಯಲ್ಲಿ ವಾಹನದಲ್ಲಿಯೇ ರಾತ್ರಿ ಕಳೆಯುತ್ತಾರೆ. ಇವೇ ತಿಂಗಳುಗಳಲ್ಲಿ ಶಿಕಾರಿಪುರ, ಸೊರಬ ಸೀಮೆಯ ತಾಂಡಾಗಳಿಂದ ಕುಟುಂಬಗಳು ಕಾಫಿ ಕೊಯ್ಲಿಗೆಂದು ಚಿಕ್ಕಮಗಳೂರು, ಕೊಡಗಿನ ಕಡೆಗೆ ಗುಳೆ ಹೋಗಿ, ಸಿಕ್ಕ ಕೋಣೆಯಲ್ಲೋ ತಾಡಪಾಲಿನ ಗುಡಿಸಲಿನಲ್ಲೋ ಎರಡು ಮೂರು ತಿಂಗಳು ಬಾಳುತ್ತವೆ. ಒಬ್ಬರದು ವಿನೋದ, ಒಬ್ಬರದು ಭಕ್ತಿ, ಒಬ್ಬರದು ಹೊಟ್ಟೆಪಾಡು. ಮೂವರಿಗೂ ಸಮಾನವಾದುದು ಚಿಕ್ಕದಾದ ಮುಚ್ಚಿದ ಜಾಗ, ಚಳಿಯ ರಾತ್ರಿ, ಮತ್ತು ಒಳಗೆ ಒಂದಿಷ್ಟು ಬೆಂಕಿ ಇದ್ದರೆ ಒಳ್ಳೆಯದೆಂಬ ಆಸೆ. ಅಂತಹ ಜಾಗದಲ್ಲಿ ಕಟ್ಟಿಗೆಯ ಬೆಂಕಿಯನ್ನು ಹೊತ್ತಿಸಬಹುದೇ, ಹೊತ್ತಿಸುವುದಾದರೆ ಹೇಗೆ ಎಂಬುದೇ ಇಂದಿನ ವಿಷಯ.

ಮಲೆನಾಡಿನವರಿಗೆ ಬೆಂಕಿಯ ಬಗ್ಗೆ ಹೇಳಿಕೊಡುವುದೇನಿದೆ ಎಂದು ಹಿರಿಯರಿಗೆ ಅನ್ನಿಸುವುದು ಸಹಜ. ಬಚ್ಚಲ ಒಲೆಯ ಮುಂದೆ ಕುಳಿತು ಬೆಳೆದವರಿಗೆ ಯಾವ ಕಟ್ಟಿಗೆ ಹೇಗೆ ಉರಿಯುತ್ತದೆ ಎಂಬುದು ಗೊತ್ತು. ಬಾಣಂತಿಯ ಕೋಣೆಯಲ್ಲಿ ಅಗ್ಗಿಷ್ಟಿಕೆಯ ಕೆಂಡ ಇಡುವುದು, ಮಳೆಗಾಲದಲ್ಲಿ ಒದ್ದೆ ಬಟ್ಟೆಯನ್ನು ಕೆಂಡದ ಮೇಲೆ ಒಣಗಿಸುವುದು, ಮುದುಕರ ಮಂಚದ ಕೆಳಗೆ ಮಡಕೆಯಲ್ಲಿ ಕೆಂಡ ಸರಿಸುವುದು ಇವೆಲ್ಲ ತಲೆಮಾರುಗಳಿಂದ ನಡೆದು ಬಂದಿವೆ. ಅಪಾಯ ಇರುವುದೂ ಈ ಪರಿಚಯದಲ್ಲಿಯೇ. ಆ ಕೆಂಡ ಯಾಕೆ ಯಾರನ್ನೂ ಕೊಲ್ಲಲಿಲ್ಲ ಎಂಬುದನ್ನು ಕೇಳಿಕೊಂಡವರು ಕಡಿಮೆ.

ಉತ್ತರ ಕೆಂಡದಲ್ಲಿಲ್ಲ, ಮಾಡಿನಲ್ಲಿದೆ. ಸೋಗೆಯ ಮಾಡಾಗಲಿ ಹಂಚಿನ ಮಾಡಾಗಲಿ ಉಸಿರಾಡುವ ಮಾಡು. ಪ್ರತಿಯೊಂದು ಹಂಚಿನ ಅಂಚಿನಲ್ಲಿಯೂ ಕೂದಲೆಳೆಯಷ್ಟು ಸಂದಿ ಇರುತ್ತದೆ. ಗೋಡೆಯೂ ಮಾಡೂ ಕೂಡುವಲ್ಲಿ ಕೈ ತೂರುವಷ್ಟು ಜಾಗ ಇರುತ್ತದೆ. ಬಿಸಿಯಾದ ಗಾಳಿ ಮೇಲೇರಿ ಅಟ್ಟದ ಮೇಲಿನ ಅಡಿಕೆ, ಮೆಣಸು, ಬೀಜದ ಸೌತೆಕಾಯಿಗಳನ್ನು ಒಣಗಿಸುತ್ತ ಆ ಸಂದಿಗಳಿಂದ ಹೊರಗೆ ಹೋಗುತ್ತದೆ. ಅದರ ಜಾಗಕ್ಕೆ ಬಾಗಿಲ ಕೆಳಗಿನಿಂದ, ಮರದ ಜಾಲರಿಯ ಕಿಟಕಿಯಿಂದ ತಣ್ಣನೆಯ ಗಾಳಿ ಬರುತ್ತದೆ. ಇಡೀ ಮನೆಯೇ ಒಂದು ದೊಡ್ಡ, ನಿಧಾನವಾದ ಚಿಮಣಿ. ಈ ಏರ್ಪಾಡು ಹಾನಿರಹಿತವಾಗಿತ್ತು ಎಂದಲ್ಲ. ಅಡುಗೆ ಮನೆಯ ಹೊಗೆ ಹೆಂಗಸರ ಕಣ್ಣು ಮತ್ತು ಶ್ವಾಸಕೋಶಗಳನ್ನು ಹಾಳು ಮಾಡಿತು, ಅದನ್ನು ಹಳೆಯ ಕಾಲದ ಸೊಬಗೆಂದು ಹೊಗಳುವವರು ಒಮ್ಮೆ ಆ ಒಲೆಯ ಮುಂದೆ ಕುಳಿತು ನೋಡಬೇಕು. ಆದರೆ ಒಂದೇ ರಾತ್ರಿಯಲ್ಲಿ ಮಲಗಿದವರೆಲ್ಲ ಏಳದೆ ಹೋಗುವಂತಹ ದುರಂತದಿಂದ ಆ ಸಂದಿಗಳು ಜನರನ್ನು ಕಾಪಾಡಿದವು.

ಅದೇ ಕೆಂಡವನ್ನು ಸಿಮೆಂಟಿನ ತಾರಸಿಯ ಕೋಣೆಗೆ, ಗಾಜು ಏರಿಸಿದ ವಾಹನಕ್ಕೆ, ನಾಲ್ಕೂ ಕಡೆ ಕಲ್ಲು ಹೇರಿ ಬಿಗಿದ ತಾಡಪಾಲಿನೊಳಕ್ಕೆ ಒಯ್ದಾಗ ಕೆಂಡ ಬದಲಾಗುವುದಿಲ್ಲ, ಮನೆ ಬದಲಾಗಿರುತ್ತದೆ.

2025ರ ನವೆಂಬರಿನಲ್ಲಿ ಬೆಳಗಾವಿ ನಗರದ ಮನೆಯೊಂದರಲ್ಲಿ ಮುಚ್ಚಿದ ಕೋಣೆಯೊಳಗೆ ಇದ್ದಿಲಿನ ಬೆಂಕಿ ಇಟ್ಟುಕೊಂಡು ಮಲಗಿದ ಮೂವರು ಯುವಕರು ಬೆಳಗ್ಗೆ ಏಳಲಿಲ್ಲ. 2020ರ ಜನವರಿಯಲ್ಲಿ ನೇಪಾಳದ ದಮನ್ ಎಂಬ ಗಿರಿಧಾಮದಲ್ಲಿ ಕೇರಳದಿಂದ ಹೋಗಿದ್ದ ಎಂಟು ಮಂದಿ ಪ್ರವಾಸಿಗಳು, ಅವರಲ್ಲಿ ನಾಲ್ವರು ಮಕ್ಕಳು, ಒಂದೇ ಕೋಣೆಯಲ್ಲಿ ಗ್ಯಾಸ್ ಹೀಟರು ಹಚ್ಚಿಕೊಂಡು ಮಲಗಿ ಸತ್ತರು. 2024ರ ಡಿಸೆಂಬರಿನಲ್ಲಿ ಕೇರಳದ ವಡಕರದ ಬಳಿ ರಸ್ತೆಯ ಬದಿಯಲ್ಲಿ ನಿಲ್ಲಿಸಿದ್ದ ಕ್ಯಾರವಾನ್ ವಾಹನದೊಳಗೆ ಇಬ್ಬರು ಸತ್ತು ಬಿದ್ದಿದ್ದರು. ಅಲ್ಲಿ ಒಳಗೆ ಒಲೆಯೇ ಇರಲಿಲ್ಲ, ಜನರೇಟರಿನ ಹೊಗೆಯಲ್ಲಿನ ವಿಷಾನಿಲ ಒಳಗೆ ನುಗ್ಗಿತ್ತೆಂದು ತನಿಖೆಯಿಂದ ತಿಳಿದುಬಂತು. ಇದ್ದಿಲು, ಗ್ಯಾಸು, ಜನರೇಟರು, ಮೂರೂ ಬೇರೆ ಬೇರೆ. ಕೊಂದದ್ದು ಮಾತ್ರ ಒಂದೇ ಅನಿಲ, ಕಾರ್ಬನ್ ಮಾನಾಕ್ಸೈಡ್.

ವಿದ್ಯಾರ್ಥಿಗಳು ಇಲ್ಲಿ ಸ್ವಲ್ಪ ಲೆಕ್ಕ ಮಾಡಬೇಕು. ನಾಲ್ಕು ಮೀಟರ್ ಉದ್ದ, 1.8 ಮೀಟರ್ ಅಗಲ, ಅಷ್ಟೇ ಎತ್ತರದ ಒಂದು ವಾಹನದ ಒಳಭಾಗ ಸುಮಾರು 13 ಘನ ಮೀಟರ್. ಒಂದು ಕಿಲೋ ಒಣ ಕಟ್ಟಿಗೆ ಪೂರ್ತಿಯಾಗಿ ಉರಿಯಲು ಕನಿಷ್ಠ ಆರು ಕಿಲೋ ಗಾಳಿ ಬೇಕು, ಎಂದರೆ ಸುಮಾರು ಐದು ಘನ ಮೀಟರ್. ಒಲೆಯಲ್ಲಿ ಗಾಳಿಯೂ ಜ್ವಾಲೆಯೂ ಸರಿಯಾಗಿ ಬೆರೆಯುವುದಿಲ್ಲವಾದ್ದರಿಂದ ವಾಸ್ತವದಲ್ಲಿ ಅದರ ಎರಡು ಪಟ್ಟು ಬೇಕಾಗುತ್ತದೆ. ಒಂದು ಕಿಲೋ ಕಟ್ಟಿಗೆಗೆ ಆ ವಾಹನದೊಳಗಿನ ಗಾಳಿಯಲ್ಲಿ ಮುಕ್ಕಾಲು ಪಾಲು ಬೇಕೆಂದಾಯಿತು. ಅಷ್ಟು ಗಾಳಿ ಸಿಗದಿದ್ದಾಗ ಕಟ್ಟಿಗೆಯ ಇಂಗಾಲ ಅರ್ಧಂಬರ್ಧ ಉರಿದು ಈ ವಿಷಾನಿಲವಾಗುತ್ತದೆ.

ಇದ್ದಿಲಿನ ಸಂಗತಿ ಇನ್ನೂ ಕಠೋರ. ಒಂದು ಕಿಲೋ ಇದ್ದಿಲು ಅಗ್ಗಿಷ್ಟಿಕೆಯಲ್ಲಿ ಉರಿಯುವಾಗ ನೂರು ಗ್ರಾಮಿಗೂ ಹೆಚ್ಚು ಕಾರ್ಬನ್ ಮಾನಾಕ್ಸೈಡ್ ಹೊಮ್ಮುತ್ತದೆ. ಕಡಿಮೆ ಲೆಕ್ಕವನ್ನೇ ಹಿಡಿದು, ಕೇವಲ ಕಾಲು ಕಿಲೋ ಇದ್ದಿಲು ಮೇಲೆ ಹೇಳಿದ ವಾಹನದೊಳಗೆ ಉರಿಯಿತು ಎಂದುಕೊಂಡರೆ, 25 ಗ್ರಾಂ ಅನಿಲ 13 ಘನ ಮೀಟರಿನಲ್ಲಿ ಹರಡುತ್ತದೆ. ಇದು ಗಾಳಿಯ ಹತ್ತು ಸಾವಿರ ಭಾಗಗಳಲ್ಲಿ ಸುಮಾರು 16 ಭಾಗ. ಆ ಪ್ರಮಾಣದಲ್ಲಿ ಇಪ್ಪತ್ತು ನಿಮಿಷಗಳೊಳಗೆ ತಲೆನೋವು, ವಾಕರಿಕೆ, ತಲೆ ಸುತ್ತು ಬರುತ್ತವೆ. ಎರಡು ಗಂಟೆಯೊಳಗೆ ಸಾವು ಬರಬಹುದು. ಕಾಲು ಕಿಲೋ ಇದ್ದಿಲೆಂದರೆ ಎರಡು ಬೊಗಸೆಯೂ ಇಲ್ಲ.

ರಕ್ತದಲ್ಲಿನ ಹಿಮೋಗ್ಲೋಬಿನ್ ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಮೀರಿದ ಬಿಗಿಯಲ್ಲಿ ಈ ಅನಿಲವನ್ನು ಹಿಡಿದುಕೊಳ್ಳುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಕಣ್ಣುರಿಸುವ ಗುಣವಿಲ್ಲ. ಜನಸಾಮಾನ್ಯರ ನಂಬಿಕೆ ತಲೆಕೆಳಗಾಗುವುದು ಇಲ್ಲಿಯೇ. ಹೊಗೆಯಾಡುವ ಹಸಿ ಕೊಳ್ಳಿಯನ್ನು ಒಳಗೆ ತಂದರೆ ಕೆಮ್ಮು ಬರುತ್ತದೆ, ಕಣ್ಣಲ್ಲಿ ನೀರು ಸುರಿಯುತ್ತದೆ, ಮನುಷ್ಯ ಎದ್ದು ಹೊರಗೋಡುತ್ತಾನೆ. ಹೊಗೆ ಪೂರ್ತಿ ಅಡಗಿ ನಿಗಿನಿಗಿ ಕೆಂಡವಾದ ಮೇಲೆ ‘ಇನ್ನು ಒಳಗಿಡಬಹುದು’ ಎಂದು ಮನೆಯ ಹಿರಿಯರೇ ಹೇಳುತ್ತಾರೆ. ಎಚ್ಚರಿಸುವ ಹೊಗೆ ಹೋಗಿ ಕೊಲ್ಲುವ ಅನಿಲ ಮಾತ್ರ ಉಳಿಯುವ ಹೊತ್ತು ಅದೇ. ಕೆಂಡದ ಬಳಿ ಪಾತ್ರೆಯಲ್ಲಿ ನೀರಿಟ್ಟರೆ ವಿಷ ಹೀರಿಕೊಳ್ಳುತ್ತದೆ ಎಂಬ ಮಾತೂ ಇದೆ. ಕಾರ್ಬನ್ ಮಾನಾಕ್ಸೈಡ್ ನೀರಿನಲ್ಲಿ ಕರಗುವುದು ಅತ್ಯಲ್ಪ. ಆ ನೀರು ಗಾಳಿಯನ್ನು ತೇವ ಮಾಡುತ್ತದೆ, ಅಷ್ಟೆ. ನೆಲದ ಮೇಲೆ ಮಲಗಿದರೆ ಕ್ಷೇಮ ಎಂಬುದೂ ಸುಳ್ಳು. ಅಡುಗೆ ಅನಿಲ ಗಾಳಿಗಿಂತ ಭಾರವಾಗಿ ನೆಲದಲ್ಲಿ ಹರಿದು ನಿಲ್ಲುತ್ತದೆ. ಇದು ಗಾಳಿಯಷ್ಟೇ ತೂಕದ್ದಾಗಿ ಮೂಲೆ ಮೂಲೆಗೂ ಹರಡುತ್ತದೆ.

ಇಂಗ್ಲಿಷ್ ಸಾಹಿತ್ಯ ಓದುವ ವಿದ್ಯಾರ್ಥಿಗಳು ಥಾಮಸ್ ಹಾರ್ಡಿಯ ‘ಫಾರ್ ಫ್ರಮ್ ದ ಮ್ಯಾಡಿಂಗ್ ಕ್ರೌಡ್’ ಕಾದಂಬರಿಯನ್ನು ನೆನಪಿಸಿಕೊಳ್ಳಬಹುದು. 1874ರಲ್ಲಿ ಪ್ರಕಟವಾದ ಆ ಕೃತಿಯ ನಾಯಕ ಗೇಬ್ರಿಯಲ್ ಓಕ್ ಕುರಿ ಸಾಕುವವನು. ಕುರಿಗಳು ಮರಿ ಹಾಕುವ ಚಳಿಗಾಲದಲ್ಲಿ ಅವನು ಗುಡ್ಡದ ಮೇಲೆ ಗಾಲಿಯುಳ್ಳ ಒಂದು ಮರದ ಗುಡಿಸಲಿನಲ್ಲಿ ವಾಸಿಸುತ್ತಾನೆ. ಒಳಗೊಂದು ಒಲೆ, ಎದುರುಬದುರು ಗೋಡೆಗಳಲ್ಲಿ ಸರಿಸಿ ಮುಚ್ಚುವ ಎರಡು ಗಾಳಿಕಿಂಡಿ. ಬೆಂಕಿ ಇರುವಾಗ ಗಾಳಿ ಬೀಸುವ ದಿಕ್ಕಿನದನ್ನು ಮುಚ್ಚಿ ಇನ್ನೊಂದನ್ನು ತೆರೆದಿಡಬೇಕೆಂಬ ನಿಯಮ ಅವನಿಗೆ ಚೆನ್ನಾಗಿ ಗೊತ್ತು. ಆದರೂ ಒಂದು ರಾತ್ರಿ, ಒಳಗೆ ತುಸು ಬೆಚ್ಚಗಾಗಲಿ, ಆಮೇಲೆ ತೆರೆದರಾಯಿತು ಎಂದು ಎರಡನ್ನೂ ಮುಚ್ಚಿ ಕುಳಿತವನು ಹಾಗೆಯೇ ನಿದ್ದೆ ಹೋಗುತ್ತಾನೆ. ಬತ್‌ಶೀಬಾ ಎಂಬ ತರುಣಿ ಸಮಯಕ್ಕೆ ಬಂದುದರಿಂದ ಬದುಕುತ್ತಾನೆ. ಹಾರ್ಡಿ ಹಳ್ಳಿಯ ಬದುಕನ್ನು ಕಣ್ಣಾರೆ ಕಂಡವನಾದ್ದರಿಂದ ಈ ಘಟನೆಯಲ್ಲಿ ವೈಜ್ಞಾನಿಕವಾದ ಒಂದು ತಪ್ಪೂ ಇಲ್ಲ. ಓಕ್ ಅಜ್ಞಾನಿಯಲ್ಲ. ಈ ಅನಿಲ ಮೊದಲು ಮಂಕು ಕವಿಸುವುದು ಬುದ್ಧಿಗೆ. ಎದ್ದು ಕಿಂಡಿ ತೆರೆಯಬೇಕೆಂಬ ಯೋಚನೆಯನ್ನೇ ಅದು ಕಿತ್ತುಕೊಳ್ಳುತ್ತದೆ. ಹಾಗಾಗಿ ‘ಉಸಿರು ಕಟ್ಟಿದರೆ ಎದ್ದು ತೆರೆಯೋಣ’ ಎಂಬುದು ನಂಬುವ ಉಪಾಯವಲ್ಲ. ಮುಚ್ಚಲಾಗದ ಕಿಂಡಿ ಇರಬೇಕು.

ಅಮೆರಿಕದ ವಯೋಮಿಂಗ್ ಸೀಮೆಯ ಕುರಿಗಾಹಿಗಳು ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಇದಕ್ಕೆ ಪರಿಹಾರ ಕಂಡುಕೊಂಡಿದ್ದರು. ಕಮಾನಿನಂತೆ ಕ್ಯಾನ್ವಾಸ್ ಹೊದಿಸಿದ ಅವರ ಬಂಡಿಯಲ್ಲಿ ಬಾಗಿಲ ಪಕ್ಕದಲ್ಲಿಯೇ ಕಬ್ಬಿಣದ ಒಲೆ, ಅದರ ಕೊಳವೆ ಮಾಡನ್ನು ತೂರಿ ಹೊರಕ್ಕೆ. ಬಾಗಿಲು ಅಡ್ಡಲಾಗಿ ಎರಡು ತುಂಡು. ಮೇಲಿನ ಅರ್ಧವನ್ನು ಬೇಕೆಂದಷ್ಟು ತೆರೆದಿಡಬಹುದು. ಹಿಂಬದಿಯಲ್ಲಿ ಹಾಸಿಗೆಯ ಮೇಲೆ ಒಂದು ಕಿಟಕಿ. ಗಾಳಿಯ ಸಂಚಾರಕ್ಕೆ ಆ ಗಾಡಿಯಲ್ಲಿ ಕೊಟ್ಟಿರುವ ಗಮನ ಈಗ ಲಕ್ಷಾಂತರ ರೂಪಾಯಿ ಸುರಿದು ಅಲಂಕರಿಸುವ ಅನೇಕ ವಾಹನಗಳಲ್ಲಿ ಕಾಣುವುದಿಲ್ಲ. ಈ ನಾಡಿನ ಅಲೆಮಾರಿಗಳು ಬೇರೆ ದಾರಿ ಹಿಡಿದರು. ಉಪ್ಪು, ಧಾನ್ಯಗಳನ್ನು ಎತ್ತುಗಳ ಮೇಲೆ ಹೇರಿಕೊಂಡು ದೇಶ ಸುತ್ತುತ್ತಿದ್ದ ಲಂಬಾಣಿಗಳು ಇಳಿದಲ್ಲಿ ಗೋಣಿಗಳನ್ನೇ ಗೋಡೆಯಂತೆ ಒಟ್ಟಿ, ಬೆಂಕಿಯನ್ನು ಬಯಲಿನಲ್ಲಿ ಹಾಕುತ್ತಿದ್ದರು. ಸುಗ್ಗಿ ಮುಗಿದ ಗದ್ದೆಗಳಲ್ಲಿ ಮಂದೆ ನಿಲ್ಲಿಸುವ ಕುರುಬರೂ ಕಂಬಳಿ ಹೊದ್ದು ಬೆಂಕಿಯ ಸುತ್ತ ಮಲಗುವವರೇ. ಕಮಾನು ಗಾಡಿಯೊಳಗೆ ಹುಲ್ಲಿನ ಮೆತ್ತೆ ಇರುತ್ತಿತ್ತು. ಅಲ್ಲಿ ಬೀಡಿ ಹಚ್ಚಿದವನಿಗೂ ಗಾಡಿ ಹೊಡೆಯುವವನ ಬೈಗುಳ ತಪ್ಪುತ್ತಿರಲಿಲ್ಲ.

ಹಾಗಾದರೆ ವಾಹನದಲ್ಲಿ ಕಟ್ಟಿಗೆಯ ಒಲೆ ಇಡುವುದು ಸಾಧ್ಯವೇ ಇಲ್ಲವೇ? ಸಾಧ್ಯವಿದೆ. ಬಳ್ಳಿಗಾವಿಯ ಕೇದಾರೇಶ್ವರನನ್ನು ದಕ್ಷಿಣ ಕೇದಾರನೆಂದು ಕರೆಯುವ ರೂಢಿ. ಉತ್ತರದ ಕೇದಾರದ ಸೀಮೆಯಲ್ಲಿ, ಕಾಶ್ಮೀರ ಲಡಾಖುಗಳಲ್ಲಿ, ಎತ್ತರದ ನೆಲೆಗಳಲ್ಲಿ ಕಾವಲು ಕಾಯುವ ಸೈನಿಕರ ಬಿಡಾರಗಳಲ್ಲಿ ‘ಬುಖಾರಿ’ ಎಂಬ ತಗಡಿನ ಒಲೆ ಇರುತ್ತದೆ. ಸುತ್ತಲೂ ಮುಚ್ಚಿದ ಉರುಟು ಪೆಟ್ಟಿಗೆ, ಕಟ್ಟಿಗೆ ಹಾಕಲು ಬಾಗಿಲು, ಮೇಲಕ್ಕೆ ಹೊಗೆಕೊಳವೆ. ತೆರೆದ ಅಂಗೀಠಿಗೂ ಬುಖಾರಿಗೂ ಉರಿಯುವ ಇಂಧನ ಒಂದೇ. ಕೊಳವೆಯಿದ್ದಲ್ಲಿ ಬೆಂಕಿಯ ಉಸಿರು ಹೊರಕ್ಕೆ ಹೋಗುತ್ತದೆ, ಶಾಖ ಮಾತ್ರ ತಗಡಿನಿಂದ ಒಳಗೆ ಹೊಮ್ಮುತ್ತದೆ.

ಕರ್ನಾಟಕದಲ್ಲಿ ಇದೇ ತತ್ವ ಜನಪ್ರಿಯವಾದುದು ಅಸ್ತ್ರ ಒಲೆಯಿಂದ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಮೂಲ್ಯ ರೆಡ್ಡಿಯವರ ಮುಂದಾಳತ್ವದಲ್ಲಿ 1974ರಲ್ಲಿ ಆರಂಭವಾದ ‘ಅಸ್ತ್ರ’ ಕೇಂದ್ರದಲ್ಲಿ ಈ ಒಲೆ ರೂಪುಗೊಂಡಿತು. ಮುಚ್ಚಿದ ಉರಿಗೂಡು, ಕೆಳಗಿನಿಂದ ಗಾಳಿ ಬರಲು ಸರಳುಗಳ ಜಾಲರಿ, ಮೂರು ಪಾತ್ರೆಗಳ ಕೆಳಗೆ ಹರಿದು ಚಿಮಣಿ ಸೇರುವ ಬಿಸಿ ಹೊಗೆ. ಮೂರು ಕಲ್ಲಿನ ಒಲೆ ಕಟ್ಟಿಗೆಯ ಶಾಖದಲ್ಲಿ ನೂರಕ್ಕೆ ಹತ್ತು ಹದಿನೈದು ಭಾಗವನ್ನು ಪಾತ್ರೆಗೆ ಕೊಟ್ಟರೆ, ಇದು ಪ್ರಯೋಗಗಳಲ್ಲಿ ಮೂವತ್ತಕ್ಕೂ ಹೆಚ್ಚು ಕೊಟ್ಟಿತು. 1980ರ ದಶಕದ ಆರಂಭದಿಂದ 2002ರವರೆಗೆ ನಡೆದ ಸುಧಾರಿತ ಒಲೆಗಳ ರಾಷ್ಟ್ರೀಯ ಕಾರ್ಯಕ್ರಮದಲ್ಲಿ ದೇಶದಾದ್ಯಂತ ಮೂರು ಕೋಟಿಗೂ ಹೆಚ್ಚು ಒಲೆಗಳನ್ನು ಹಂಚಲಾಯಿತು. ಅವುಗಳಲ್ಲಿ ಬಹಳಷ್ಟು ಕೆಲವೇ ವರ್ಷಗಳಲ್ಲಿ ಮೂಲೆ ಸೇರಿದವು. ಒಲೆಯ ವಿನ್ಯಾಸವೊಂದೇ ಕಾರಣವಾಗಿರಲಿಲ್ಲ. ಚಿಮಣಿಯಲ್ಲಿ ಮಸಿ ಕಟ್ಟಿದಾಗ ತೆಗೆಯುವುದು ಹೇಗೆಂದು, ಜಾಲರಿ ಸುಟ್ಟುಹೋದಾಗ ಬೇರೆ ಎಲ್ಲಿ ಸಿಗುತ್ತದೆಂದು ಮನೆಯಾಕೆಗೆ ಯಾರೂ ಹೇಳಿರಲಿಲ್ಲ. ವಾಹನದ ಒಲೆಗೂ ಈ ಮಾತು ಅನ್ವಯಿಸುತ್ತದೆ.

ವಾಹನದಲ್ಲಿ ಇಡುವ ಒಲೆ ಕಬ್ಬಿಣದ್ದಾಗಿರಬೇಕು, ಬಾಗಿಲು ಬಿಗಿಯಾಗಿ ಮುಚ್ಚುವಂತಿರಬೇಕು, ನೆಲಕ್ಕೆ ಬೋಲ್ಟು ಹಾಕಿ ನಿಲ್ಲಿಸಿರಬೇಕು. ಅದಕ್ಕೆ ಬೇಕಾದ ಗಾಳಿಯನ್ನು ವಾಹನದ ಒಳಗಿನಿಂದ ಎಳೆಯುವ ಬದಲು ನೆಲದಲ್ಲಿ ತೂತು ಕೊರೆದು ಹೊರಗಿನಿಂದಲೇ ಕೊಳವೆಯಲ್ಲಿ ಕೊಡುವುದು ಅತ್ಯುತ್ತಮ. ಹಾಗಿದ್ದರೂ ಮಲಗುವವರಿಗಾಗಿ ಕೆಳಗೊಂದು, ಮೇಲೊಂದು ಕಿಂಡಿ ಸದಾ ತೆರೆದಿರಬೇಕು. ಹೊಗೆಕೊಳವೆ ಮಾಡನ್ನು ದಾಟುವಲ್ಲಿ ಎರಡು ಪದರದ್ದಾಗಿರಬೇಕು. ಒಂಟಿ ತಗಡಿನ ಕೊಳವೆ ಮಾಡಿನ ಒಳಹೊದಿಕೆಯನ್ನು ಹೊತ್ತಿಸುತ್ತದೆ. ತುದಿಯಲ್ಲಿ ಕಿಡಿ ತಡೆಯುವ ಬಲೆ ಬೇಕು, ಇಲ್ಲದಿದ್ದರೆ ಡಿಸೆಂಬರಿನ ಒಣ ಹುಲ್ಲಿಗೆ, ಪಕ್ಕದ ಕಣದ ಬಣವೆಗೆ ಕಿಡಿ ಹಾರುತ್ತದೆ. ಕಾದ ಒಲೆಗೂ ಮರ, ಬಟ್ಟೆ, ಹಾಸಿಗೆಗಳಿಗೂ ನಡುವೆ ಸುಮಾರು ಒಂದು ಮೀಟರಿನ ಅಂತರ ಬೇಕು. 1.8 ಮೀಟರ್ ಅಗಲದ ವಾಹನದಲ್ಲಿ ಆ ಅಂತರ ಸಿಗುವುದಿಲ್ಲವಾದ್ದರಿಂದ, ಗೋಡೆಯಿಂದ ಬೆರಳಗಲ ದೂರದಲ್ಲಿ ತಗಡಿನ ಮರೆ ನಿಲ್ಲಿಸಿ ನಡುವೆ ಗಾಳಿ ಆಡುವಂತೆ ಮಾಡಬೇಕು. ಆಗಲೂ ಒಂದಡಿಗಿಂತ ಹತ್ತಿರ ಏನನ್ನೂ ಇಡುವಂತಿಲ್ಲ. ವಾಹನ ಚಲಿಸುವಾಗ ಒಲೆ ತಣ್ಣಗಿರಬೇಕು ಎಂಬುದರಲ್ಲಿ ವಿನಾಯಿತಿಯೇ ಇಲ್ಲ. 2023ರ ಆಗಸ್ಟಿನಲ್ಲಿ ಮಧುರೈ ನಿಲ್ದಾಣದಲ್ಲಿ ನಿಂತಿದ್ದ ಯಾತ್ರಿಕರ ರೈಲುಬೋಗಿಯೊಳಗೆ ಕದ್ದೊಯ್ದ ಗ್ಯಾಸ್ ಸಿಲಿಂಡರಿನಿಂದ ಬೆಂಕಿ ಹತ್ತಿ ಒಂಬತ್ತು ಮಂದಿ ಸತ್ತರು. ಅದು ನಿಂತಿದ್ದ ಬೋಗಿ ಎಂಬುದನ್ನು ಗಮನಿಸಬೇಕು.

ಕೊಳವೆಗಾಗಿ ಮಾಡು ಕೊರೆಯುವ ಮೊದಲು ಇನ್ನೊಂದು ವಿಷಯ. 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮಿನಂತೆ ವಾಹನದ ಮೂಲ ರಚನೆಯನ್ನು ಮನಬಂದಂತೆ ಬದಲಿಸುವಂತಿಲ್ಲ. ಸಾರಿಗೆ ಕಚೇರಿಯಲ್ಲಿ ಕೇಳದೆ ಮಾಡಿದರೆ ಅವಘಡವಾದಾಗ ವಿಮೆಯೂ ಕೈಗೆ ಸಿಗದೆ ಹೋಗಬಹುದು.

ಕೊಳವೆ ಇದ್ದ ಮಾತ್ರಕ್ಕೆ ನಿಶ್ಚಿಂತೆಯೂ ಅಲ್ಲ. ಹೊಗೆಯನ್ನು ಮೇಲಕ್ಕೆ ಎಳೆಯುವುದು ಕೊಳವೆಯೊಳಗಿನ ಬಿಸಿ ಗಾಳಿಯ ಹಗುರತನ. ಮನೆಯ ಚಿಮಣಿ ಎತ್ತರವಾಗಿರುತ್ತದೆ. ವಾಹನದ್ದು ಎರಡು ಮೀಟರ್ ಇದ್ದರೆ ಹೆಚ್ಚು. ಸಂಜೆ ಒಲೆ ಹಚ್ಚುವಾಗ ಕೊಳವೆ ತಣ್ಣಗಿದ್ದು ಹೊಗೆ ಹಿಂದಕ್ಕೆ ಬರುತ್ತದೆ, ಅದು ಎಲ್ಲರಿಗೂ ಕಾಣುತ್ತದೆ. ಬೆಳಗಿನ ಜಾವದ ಸಂಗತಿ ಯಾರಿಗೂ ಕಾಣುವುದಿಲ್ಲ. ಉರಿ ಅಡಗಿ ಕೆಂಡ ಉಳಿದಾಗ ಕೊಳವೆ ತಣ್ಣಗಾಗುತ್ತ ಎಳೆತ ಕುಗ್ಗುತ್ತದೆ, ಅದೇ ಹೊತ್ತಿಗೆ ಕೆಂಡ ಅತ್ಯಂತ ಹೆಚ್ಚು ಕಾರ್ಬನ್ ಮಾನಾಕ್ಸೈಡ್ ಬಿಡುತ್ತದೆ. ಒಲೆಯ ಬಾಗಿಲು ಸಡಿಲವಾಗಿದ್ದರೆ ಅಥವಾ ಶಾಖ ಉಳಿಯಲೆಂದು ಕೊಳವೆಯ ತಡೆಹಲಗೆಯನ್ನು ಪೂರ್ತಿ ಮುಚ್ಚಿದ್ದರೆ ಎಲ್ಲರೂ ಗಾಢನಿದ್ದೆಯಲ್ಲಿರುವ ನಾಲ್ಕು ಗಂಟೆಯ ಸುಮಾರಿಗೆ ವಿಷ ಒಳಗೆ ಹರಿಯುತ್ತದೆ. ಹೊರಕ್ಕೆ ಗಾಳಿ ದಬ್ಬುವ ಫ್ಯಾನು ಮಾಡಿನಲ್ಲಿ ತಿರುಗುತ್ತಿದ್ದರೆ ಅದು ಕೊಳವೆಯ ಹೊಗೆಯನ್ನೇ ಒಳಕ್ಕೆ ಎಳೆದುಕೊಳ್ಳುತ್ತದೆ. ಆದುದರಿಂದ ಮಲಗುವ ಮೊದಲೇ ಒಲೆಯನ್ನು ಉರಿದು ಮುಗಿಯಲು ಬಿಟ್ಟು, ಕೆಂಡವನ್ನು ಮುಚ್ಚಳದ ಕಬ್ಬಿಣದ ಡಬ್ಬಿಗೆ ಸುರಿದು ಹೊರಗೆ ಇಡುವುದೇ ಸರಿ. ಬ್ಯಾಟರಿಯಿಂದ ನಡೆಯುವ ಕಾರ್ಬನ್ ಮಾನಾಕ್ಸೈಡ್ ಎಚ್ಚರಿಕೆ ಯಂತ್ರಗಳು ಈಗ ಪೇಟೆಯಲ್ಲಿ ಸಿಗುತ್ತವೆ. ಹೊಸ ಮೊಬೈಲು ಕೊಳ್ಳುವ ಹುಡುಗನಿಗೆ ಅದರ ಬೆಲೆ ಭಾರವಾಗಲಾರದು. ಅದನ್ನು ದಿಂಬಿನ ಮಟ್ಟದಲ್ಲಿ ತೂಗಹಾಕಬೇಕು.

ಇನ್ನು ಕಟ್ಟಿಗೆಯ ಮಾತು. ಹೊಸದಾಗಿ ಕಡಿದ ಮರದ ತೂಕದಲ್ಲಿ ಸುಮಾರು ಅರ್ಧ ನೀರು. ಆ ನೀರನ್ನು ಆವಿ ಮಾಡುವುದರಲ್ಲಿಯೇ ಶಾಖ ಕಳೆದುಹೋಗಿ, ಒಣ ಕಟ್ಟಿಗೆಯ ಅರ್ಧದಷ್ಟು ಕಾವೂ ಒಲೆಗೆ ಸಿಗುವುದಿಲ್ಲ; ಮೇಲಾಗಿ ತಣ್ಣನೆಯ ಹೊಗೆ ಕೊಳವೆಯ ಒಳಮೈಗೆ ಡಾಂಬರಿನಂತೆ ಅಂಟಿಕೊಂಡು, ಒಂದು ದಿನ ಆ ಅಂಟಿಗೇ ಬೆಂಕಿ ಹತ್ತುತ್ತದೆ. ಮಣಿಕಟ್ಟಿನ ದಪ್ಪಕ್ಕೆ ಸೀಳಿ, ಒಂದು ಬೇಸಗೆಯ ಬಿಸಿಲು ತೋರಿಸಿ, ಮಳೆ ತಾಗದಂತೆ ಒಟ್ಟಿದ ಕಟ್ಟಿಗೆ ಮಾತ್ರ ಇಂತಹ ಒಲೆಗೆ ಯೋಗ್ಯ. ತೆಂಗಿನ ಚಿಪ್ಪು ಚೆನ್ನಾಗಿ ಉರಿಯುತ್ತದೆ, ಆದರೆ ತೆಳು ತಗಡಿನ ಒಲೆಯನ್ನು ಕೆಂಪಾಗಿಸುವಷ್ಟು ರಭಸ ಅದಕ್ಕಿದೆ. ಬಣ್ಣ ಬಳಿದ ಹಲಗೆ, ಪ್ಲೈವುಡ್ಡು, ಪ್ಲಾಸ್ಟಿಕ್ಕುಗಳನ್ನು ಒಲೆಗೆ ತೋರಿಸಲೂ ಬಾರದು.

ಕಟ್ಟಿಗೆ ಎಲ್ಲಿಂದ ಎಂಬ ಪ್ರಶ್ನೆಯನ್ನು ಸೊರಬ ಸೀಮೆಯಲ್ಲಿ ನಿಂತು ಕೇಳದೆ ಇರಲಾಗದು. ಇಲ್ಲಿನ ಕಾನುಗಳ ಬಗ್ಗೆ ಬ್ರಾಂಡಿಸ್ ಮತ್ತು ಗ್ರಾಂಟ್ ಎಂಬ ಅಧಿಕಾರಿಗಳು 1868ರಲ್ಲಿಯೇ ವರದಿ ಬರೆದಿದ್ದರು. ಕಾಳುಮೆಣಸು, ಬಗನಿ, ನೀರಿನ ಸೆಲೆಗಳಿಗಾಗಿ ಊರಿನವರೇ ಉಳಿಸಿಕೊಂಡಿದ್ದ ಆ ತಂಪಾದ ಕಾಡುಗಳು ಈಗ ಅಲ್ಲಲ್ಲಿ ತುಣುಕಾಗಿ ನಿಂತಿವೆ. ರಾತ್ರಿ ತಂಗಲು ಬಂದ ವಾಹನದವರಿಗೆ ‘ಒಣಗಿದ್ದು ತಾನೇ’ ಎಂದು ಕಾನಿನಲ್ಲಿ ಬಿದ್ದ ಮರ ತೋರಿಸುವ ಔದಾರ್ಯ ಬೇಡ. ಬಿದ್ದು ಕೊಳೆಯುವ ಮರ ಕಾನಿನ ಗೊಬ್ಬರ, ಅಣಬೆ ಹುಳುಗಳ ಮನೆ. ಭದ್ರಾವತಿಯಲ್ಲಿ 2015ರಲ್ಲಿ ಉತ್ಪಾದನೆ ನಿಲ್ಲಿಸಿದ ಕಾಗದ ಕಾರ್ಖಾನೆಗಾಗಿ ಬೆಳೆಸಿದ ಅಕೇಶಿಯಾ ಜಿಲ್ಲೆಯ ತುಂಬ ಇದೆ, ರೈತರ ಬೇಲಿಗಳಲ್ಲಿಯೂ ಇದೆ. ಬೇಲಿಯ ಅಕೇಶಿಯಾವನ್ನು ಸೀಳಿ ಒಣಗಿಸಿ ಕಟ್ಟು ಕಟ್ಟಿ ಪ್ರವಾಸಿಗಳಿಗೆ ಮಾರಿದರೆ ರೈತನಿಗೂ ನಾಲ್ಕು ಕಾಸು.

ಇಷ್ಟೆಲ್ಲ ಹೇಳಿದ ಮೇಲೆ ಮೂಲ ಪ್ರಶ್ನೆ ಉಳಿದೇ ಇದೆ. ಸಮುದ್ರಮಟ್ಟದಿಂದ ಸುಮಾರು ಆರುನೂರು ಮೀಟರ್ ಎತ್ತರದ ಬಳ್ಳಿಗಾವಿಯ ಚಳಿಗೆ ವಾಹನದೊಳಗೆ ಒಲೆ ಬೇಕೇ? ಡಿಸೆಂಬರ್, ಜನವರಿಯ ರಾತ್ರಿಗಳಲ್ಲಿ ಹೊರಗೆ 14 ಡಿಗ್ರಿ ಇದೆ, ಒಳಗೆ 22 ಬೇಕು ಎಂದುಕೊಳ್ಳೋಣ. ಬರಿಯ ತಗಡಿನ ವಾಹನಕ್ಕೆ ಅಷ್ಟು ಕಾವು ಉಳಿಸಲು ಸುಮಾರು ಒಂದೂವರೆ ಕಿಲೋವ್ಯಾಟ್ ಶಾಖ ಬೇಕಾಗುತ್ತದೆ. ಒಳ್ಳೆಯ ಒಲೆಯಲ್ಲಿಯೂ ಗಂಟೆಗೆ ಮುಕ್ಕಾಲು ಕಿಲೋ ಕಟ್ಟಿಗೆ, ಎಂಟು ಗಂಟೆಗೆ ಆರು ಕಿಲೋ. ಅದೂ ಯಾರಾದರೂ ಎದ್ದೆದ್ದು ಕಟ್ಟಿಗೆ ತುಂಬುತ್ತಿದ್ದರೆ. ಒಳಮೈಗೆ ಉಣ್ಣೆಯ ಹೊದಿಕೆ, ಗಾಜಿಗೆ ದಪ್ಪ ಪರದೆ, ನೆಲಕ್ಕೆ ಜಮಖಾನ ಹಾಕಿದರೆ ಈ ಅಗತ್ಯ ಮೂರನೇ ಒಂದಕ್ಕೆ ಇಳಿಯಬಹುದು. ಉಳಿದದ್ದಕ್ಕೆ ಕಂಬಳಿ ಇದೆ.

ಕಂಬಳಿಯೂ ಸಾಲದೆನ್ನುವವರಿಗೆ ಬಚ್ಚಲ ಹಂಡೆ ಒಂದು ದಾರಿ ತೋರಿಸುತ್ತದೆ. ಬೆಂಕಿಯನ್ನು ಒಳಗೆ ಒಯ್ಯುವ ಬದಲು ಅದರ ಕಾವನ್ನು ಮಾತ್ರ ಒಯ್ಯಬಹುದು. ಹೊರಗೆ ಬಯಲಿನಲ್ಲಿ ಒಲೆ ಹೂಡಿ ಕಾಯಿಸಿದ ಹತ್ತು ಲೀಟರ್ ನೀರನ್ನು ಬಿಗಿ ಮುಚ್ಚಳದ ಸ್ಟೀಲು ಕ್ಯಾನಿನಲ್ಲಿ ತುಂಬಿ, ಗೋಣಿಚೀಲ ಸುತ್ತಿ, ಉರುಳದಂತೆ ಹಾಸಿಗೆಯ ಕೆಳಗೆ ಇಟ್ಟರೆ, ಅದು 80 ಡಿಗ್ರಿಯಿಂದ 30ಕ್ಕೆ ಇಳಿಯುವಷ್ಟರಲ್ಲಿ ಅರ್ಧ ಯೂನಿಟ್ ವಿದ್ಯುತ್ತಿಗಿಂತ ಹೆಚ್ಚು ಶಾಖವನ್ನು ಕೊಡುತ್ತದೆ. ಎಂಟು ಗಂಟೆಗೆ ಹಂಚಿದರೆ ಸುಮಾರು 70 ವ್ಯಾಟ್, ಎಂದರೆ ಮಲಗಿದ ಒಬ್ಬ ಮನುಷ್ಯನ ಮೈಯಿಂದ ಹೊಮ್ಮುವಷ್ಟು. ಇಡೀ ವಾಹನ ಅದರಿಂದ ಬೆಚ್ಚಗಾಗುವುದಿಲ್ಲ, ಹಾಸಿಗೆ ಬೆಚ್ಚಗಾಗುತ್ತದೆ. ಮಲಗುವವನಿಗೆ ಬೇಕಾದುದೂ ಅದೇ. ಬೆಳಗ್ಗೆ ಮುಖ ತೊಳೆಯಲು ಉಗುರುಬೆಚ್ಚನೆಯ ನೀರೂ ಸಿದ್ಧ. ಬಾಣಂತಿಯ ಕೋಣೆ ತಾರಸಿಯದಾಗಿದ್ದರೆ ಅಲ್ಲಿಯೂ ಅಗ್ಗಿಷ್ಟಿಕೆಯ ಬದಲು ಇದೇ ಸಾಕು.

ಕಾಫಿಯ ಸೀಮೆಗೆ ಹೋಗುವ ಕುಟುಂಬಗಳ ಪಾಲಿಗೆ ಈ ಲೆಕ್ಕ ಇನ್ನೂ ಹತ್ತಿರದ್ದು. ಅಲ್ಲಿನ ಎತ್ತರ ಹೆಚ್ಚು, ಚಳಿ ಹೆಚ್ಚು, ಕೈಯಲ್ಲಿ ಇರುವ ಕಂಬಳಿ ಕಡಿಮೆ. ತಾಡಪಾಲಿನ ಗುಡಿಸಲಿನೊಳಗೆ ಮೂರು ಕಲ್ಲಿನ ಒಲೆ, ಅದರ ಮಗ್ಗುಲಲ್ಲಿಯೇ ಮಕ್ಕಳು ಮಲಗುವುದು ಸಾಮಾನ್ಯ ದೃಶ್ಯ. ಪ್ಲಾಸ್ಟಿಕ್ ತಾಡಪಾಲು ಬೆಂಕಿಗೆ ಕರಗಿ ಮೈಮೇಲೆ ತೊಟ್ಟಿಕ್ಕುತ್ತದೆ. ಹೊರಡುವ ಮೊದಲೇ ಮೇಸ್ತ್ರಿಯ ಹತ್ತಿರ ಕೂಲಿಯ ದರ ಕೇಳುವಾಗಲೇ ವಸತಿ ಎಂತಹುದು, ಅಡುಗೆಯ ಜಾಗ ಮಲಗುವ ಜಾಗದಿಂದ ಬೇರೆ ಇದೆಯೇ, ಹೊಗೆ ಹೋಗಲು ಕಿಂಡಿ ಇದೆಯೇ ಎಂದು ಕೇಳಬೇಕು. ಲಾರಿ ಹತ್ತಿದ ಮೇಲೆ ಕೇಳಿದರೆ ಉತ್ತರ ಸಿಗುವುದಿಲ್ಲ. ಗುಡಿಸಲೇ ಗತಿಯಾದರೆ ಒಲೆಯನ್ನು ಹೊರಗೆ, ಗಾಳಿಯ ಮರೆಯಲ್ಲಿ, ಒಂದು ತಗಡಿನ ಚಪ್ಪರದ ಕೆಳಗೆ ಹೂಡಬೇಕು. ರಾತ್ರಿ ಕೆಂಡವನ್ನು ಒಳಗೆ ಸರಿಸುವ ಬದಲು ಬಿಸಿನೀರಿನ ಕ್ಯಾನನ್ನು ಸರಿಸಬೇಕು. ತಾಡಪಾಲಿನ ಮೇಲ್ತುದಿಯಲ್ಲಿ ಎರಡೂ ಕಡೆ ಒಂದು ಗೇಣು ಬಿಟ್ಟು ಕಟ್ಟಬೇಕು. ಹಂಚಿನ ಮಾಡಿನ ಸಂದಿ ಮಾಡುತ್ತಿದ್ದ ಕೆಲಸವನ್ನು ಆ ಗೇಣು ಮಾಡುತ್ತದೆ.

ಬೆಂಕಿ ಇದ್ದ ಜಾಗದಲ್ಲಿ ಒಬ್ಬರಿಗಿಂತ ಹೆಚ್ಚು ಮಂದಿಗೆ ಏಕಕಾಲಕ್ಕೆ ತಲೆನೋವು, ವಾಂತಿ, ಕಾಲಲ್ಲಿ ಬಲವಿಲ್ಲದಂತಾಗುವುದು ಕಂಡುಬಂದರೆ ಊಟ ಕೆಟ್ಟಿತೆಂದು ಮಜ್ಜಿಗೆ ಕುಡಿಸುತ್ತ ಕೂರಬಾರದು. ಬಾಗಿಲು ತೆರೆದು, ಎಲ್ಲರನ್ನೂ, ನಿದ್ದೆಯಲ್ಲಿರುವ ಮಕ್ಕಳನ್ನು ಮೊದಲು, ಬಯಲಿಗೆ ಎತ್ತಿ ತರಬೇಕು. ಒಳಗೆ ಹೋಗುವವನು ಉಸಿರು ಬಿಗಿಹಿಡಿದು ಹೋಗಿ ಬರಬೇಕು, ಕಿಟಕಿಯ ಗಾಜು ಒಡೆಯಬೇಕಾದರೆ ಒಡೆಯಬೇಕು. ಉಸಿರು ನಿಂತವರಿಗೆ ಕೃತಕ ಉಸಿರಾಟ ಕೊಡುತ್ತಲೇ 108ಕ್ಕೆ ಕರೆ ಮಾಡಿ, ‘ಹೊಗೆಯ ವಿಷ’ ಎಂದು ಸ್ಪಷ್ಟವಾಗಿ ಹೇಳಿ ಆಮ್ಲಜನಕ ಇರುವ ಆಸ್ಪತ್ರೆಗೆ ಒಯ್ಯಬೇಕು. ಹೊರಗಿನ ಗಾಳಿಗೆ ಚೇತರಿಸಿಕೊಂಡು ಎದ್ದು ಕುಳಿತವರನ್ನೂ ವೈದ್ಯರಿಗೆ ತೋರಿಸದೆ ಬಿಡಬಾರದು. ಗರ್ಭಿಣಿಯಾಗಿದ್ದರೆ ತಾಯಿ ಸರಿಹೋದಂತೆ ಕಂಡರೂ ಮಗುವಿನ ರಕ್ತದಲ್ಲಿ ಆ ಅನಿಲ ಇನ್ನೂ ಹೆಚ್ಚು ಹೊತ್ತು ಉಳಿದಿರುತ್ತದೆ.